ಗುಡ್ಡದ ಸೈಕಲ್ಲಿಗೆ ಒಂದು ಕ್ಯಾರಿಯರ್

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸೈಕಲ್ ಅಂಗಡಿ ಅಲ್ಲಾಬಕ್ಷ್ ಅಂದರೆ ಯಾರಿಗೆ ಗೊತ್ತಿಲ್ಲ ಹೇಳಿ! ಅಲ್ಲಿನ ಅರ್ಧದಷ್ಟು ಮಕ್ಕಳು ಅವರ ಅಂಗಡಿ ಮುಂದೆಯೇ ಬಿದ್ದು, ಮೊಣಕಾಲು ತರಚಿಕೊಂಡು ಸೈಕಲ್ ಕಲಿತವರು. ಹಿಂದಿನಿಂದ ಸೀಟು ಹಿಡಿದು ಓಡುತ್ತಾ "ಮುಂದೆ ನೋಡು, ನನ್ನ ನೋಡಬ್ಯಾಡ" ಎಂದು ಕೂಗಿ ಕೂಗಿ ಅವರ ಗಂಟಲೇ ಒರಟಾಗಿದೆ. ಡಾಕ್ಟರ ಮಗಳಿಗೆ ಕಲಿಸಿದರು, ಹೋಟೆಲಿನವರ ಸೊಸೆಗೆ ಕಲಿಸಿದರು. ಮನೆಯಲ್ಲಿರುವ ಹೆಂಡತಿಗೆ ಬರುತ್ತದೋ ಇಲ್ಲವೋ ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ. ಆ ಹೆಂಡತಿ ನಾನೇ, ಖತೀಜಾಬೀ. ಸರ್ಕಾರಿ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ಅಕ್ಕೋರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ನನಗೆ ಸೈಕಲ್ ಬರುತ್ತಿತ್ತು. ಮಲೆಬೆನ್ನೂರಿನ ತವರಿನಲ್ಲಿ ಅಣ್ಣ ಹಿದಾಯತ್‌ನ ಸೈಕಲ್ಲನ್ನು ಕದ್ದು, ನೀರಾವರಿ ಚಾನಲ್ ದಂಡೆಯ ಮೇಲೆ ಗಾಳಿಯ ಹಾಗೆ ಓಡಿಸುತ್ತಿದ್ದೆ. ಇವರು ಹೆಣ್ಣು ನೋಡಲು ಬರುವ ದಿನ ಅಮ್ಮಿ ನನ್ನ ಕಿವಿ ಹಿಂಡಿದರು. "ಸೈಕಲ್ ಹೊಡೀತೀನಿ ಅಂತ ಬಾಯಿ ಬಿಟ್ಟೀ, ಜೋಕೆ! ಗಂಡುಬೀರಿ ಅಂದಾರು" ಎಂದರು. ಬಂದ ಗಂಡು ನೋಡಿದರೆ ಸೈಕಲ್ ಅಂಗಡಿಯವನು! ಅಮ್ಮಿಯ ಬುದ್ಧಿಗೆ ಏನೆನ್ನಲಿ? ಮದುವೆಯಾದ ಮೇಲೆ, ಇವರಾಗಿಯೇ ಕೇಳಿದರೆ ಹೇಳೋಣ ಎಂದು ಕಾದೆ. ಇವರು ಕೇಳಲಿಲ್ಲ. ನಾನೂ ಹಟಕ್ಕೆ ಬಿದ್ದು ಬಾಯಿ ಮುಚ್ಚಿಕೊಂಡೆ.

ಇನ್ನು ಗುಡ್ಡದ ಮಾತು. ಭಾನುವಳ್ಳಿಯಲ್ಲಿ ಇವರಿಗೆ ಗುತ್ತೆಪ್ಪ ಎಂಬ ಗೆಳೆಯ ಇದ್ದಾನೆ, ರೈತ. ಅವನ ಮೇಲಿನ ಹೊಲದ ಬೆನ್ನಿಗೇ ಒಂದು ಕರಿಗುಡ್ಡ. ಮದುವೆಯಾದ ಹೊಸತರಲ್ಲಿ ಇವರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಇಬ್ಬರೂ ನಡೆದು ಹತ್ತಿ, ತುದಿಯಲ್ಲಿ ಕೂತು, ಕಟ್ಟಿಕೊಂಡು ಹೋಗಿದ್ದ ಮಂಡಕ್ಕಿ ತಿಂದೆವು. ಕೆಳಗೆ ಹಸಿರು ಗದ್ದೆ, ದೂರದಲ್ಲಿ ತುಂಗಭದ್ರೆ. "ವರ್ಷಾ ವರ್ಷಾ ಬರೋಣ" ಎಂದಿದ್ದರು. ಅಂಗಡಿ, ಮಕ್ಕಳು, ನನ್ನ ವರ್ಗಾವಣೆ ಎಂದು ವರ್ಷಗಳು ಹಾಗೇ ಉರುಳಿದವು. ಅಷ್ಟರಲ್ಲಿ ಇವರ ಮಂಡಿಗಳು ಸವೆದವು, ಏರು ಹತ್ತಲೇಬಾರದು ಎಂದು ಡಾಕ್ಟರು ಹೇಳಿಬಿಟ್ಟರು. ಅಂದಿನಿಂದ ಇವರದು ಒಂದೇ ಜಪ. "ಇನ್ನೊಂದು ಸಲ ನಿನ್ನ ಜೊತೆ ಆ ಗುಡ್ಡದ ತುದಿ ನೋಡ್ಬೇಕು ಖತೀಜಾ. ಆಮೇಲೆ ಏನಾದ್ರೂ ಆಗ್ಲಿ." ನಗುತ್ತಲೇ ಹೇಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ನಮ್ಮ ಬೀದಿಯ ಡಾಕ್ಟರ್ ಪ್ರಶಾಂತ ಅವರು ತಮ್ಮ ಕರೆಂಟ್ ಸೈಕಲ್ಲನ್ನು ತಂದು ಅಂಗಡಿಯಲ್ಲಿ ನಿಲ್ಲಿಸಿದರು. ಗುಡ್ಡ ಹತ್ತಲೆಂದೇ ಮಾಡಿದ್ದು. ದಪ್ಪ ಟೈರು, ಹೊಟ್ಟೆಯಲ್ಲಿ ಬಿಚ್ಚಲಾಗದ ಬ್ಯಾಟರಿ, ಮೋಟರು. "ನನ್ನ ಬೆನ್ನಿಗೆ ಇದು ಆಗಿಬರಲಿಲ್ಲ, ನೀವೇ ಇಟ್ಕೊಳ್ರಿ" ಎಂದರು. ಇವರು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಕಬ್ಬಿಣದ ಪಟ್ಟಿ ಬಾಗಿಸಿ, ನಟ್ಟು ಬಿಗಿದು, ಅದಕ್ಕೊಂದು ಕ್ಯಾರಿಯರ್ ಕೂಡಿಸಿದ್ದು. ಡಾಕ್ಟರು ನೋಡಿ ಹಣೆ ಚಚ್ಚಿಕೊಂಡರು.

"ಇಂಥಾ ಸೈಕಲ್ಲಿಗೆ ಯಾರಾದ್ರೂ ಕ್ಯಾರಿಯರ್ ಹಾಕ್ತಾರೇನ್ರಿ?"

"ಮತ್ತೆ ಹೆಂಡ್ತಿನ ಎಲ್ಲಿ ಕೂಡ್ರಿಸ್ಲಿ ಸಾರ್, ಹ್ಯಾಂಡಲ್ ಮ್ಯಾಲಾ?"

ಮಾಡುವುದು ಹೀಗೆ ಎಂದು ನಿಶ್ಚಯವಾಯಿತು. ಇವರು ಸೈಕಲ್ ಮೇಲೆ, ನಾನು ಬಸ್ಸಿನಲ್ಲಿ ಹರಿಹರದ ಮೇಲೆ ಭಾನುವಳ್ಳಿಗೆ ಹೋಗುವುದು. ಗುತ್ತೆಪ್ಪನ ಹೊಲದಲ್ಲಿ ಟೆಂಟು ಹಾಕಿ ಎರಡು ರಾತ್ರಿ ಇರುವುದು. ನಡುವಿನ ಹಗಲಿಡೀ ಸೈಕಲ್ಲಿಗೆ ಚಾರ್ಜು. ಮರುದಿನ ಬೆಳಗ್ಗೆ ನನ್ನನ್ನು ಹಿಂದೆ ಕೂಡಿಸಿಕೊಂಡು ಗುಡ್ಡ ಹತ್ತುವುದು. ಅಂದೇ ಮಧ್ಯಾಹ್ನ ಹರಿಹರದಲ್ಲಿ ಮಗಳು ರುಮಾನಾಳ ಮನೆಯಲ್ಲಿ ಮೊಮ್ಮಗಳು ಇರಮ್‌ಳ ಹುಟ್ಟುಹಬ್ಬ, ತಪ್ಪಿಸುವಂತಿಲ್ಲ.

ಆ ಹೊಲಕ್ಕೆ ಕರೆಂಟಿನ ತಂತಿಯೇ ಇಲ್ಲ. ಅದಕ್ಕೆಂದು ಇವರು ಚಾಪೆಯ ಹಾಗೆ ಮಡಚುವ ಸೋಲಾರ್ ಹಾಳೆ ತಂದಿದ್ದರು. ನೋಡಿದ ಗುತ್ತೆಪ್ಪನಿಗೆ ನಗು.

"ಊರಾಗೆ ನಮ್ಮನಿಯಾಗೆ ಪ್ಲಗ್ ಐತಲ್ಲೋ ಬಕ್ಷಣ್ಣ!"

"ಊರಿಂದ ಇಲ್ಲಿಗಂಟ ಆ ಕಲ್ಲುದಾರಿ ಹತ್ತಿ ಬರೋದ್ರಾಗೆ ಅರ್ಧ ಖರ್ಚಾಗ್ತೈತೆ. ಬಿಸಿಲು ಪುಕ್ಕಟೆ ಬಿದ್ದೈತೆ, ಸುಮ್ನಿರಪ್ಪ."

ಇವರ ಮಾತಲ್ಲೂ ಸತ್ಯವಿತ್ತು. ಅಂಗಡಿಗೆ ಬಂದವರಿಗೆಲ್ಲ ಇವರೇ ಹೇಳುತ್ತಿದ್ದರು: ಪೆಡಲ್ ತುಳಿದರೆ ಮೋಟರು ಕೈ ಜೋಡಿಸುತ್ತದೆ, ಅರ್ಧ ಬ್ಯಾಟರಿ ಸಾಕು, ತುಳಿಯದಿದ್ದರೆ ಭಾರವೆಲ್ಲ ಅದರ ತಲೆಗೇ, ಬ್ಯಾಟರಿ ತುಂಬಿರಲೇಬೇಕು. ಇವರ ಮಂಡಿಗಳು ಏರಿನಲ್ಲಿ ತುಳಿಯುವಂತಿರಲಿಲ್ಲ. ತುಂಬಿದ ಬ್ಯಾಟರಿಯೇ ಬೇಕಿತ್ತು.

ಬೆಳಗ್ಗೆ ಬಯಲಿನಲ್ಲಿ ಹಾಳೆ ಹಾಸಿ, ತಂತಿ ಜೋಡಿಸಿ, "ಸಂಜಿಗೆ ಫುಲ್!" ಎಂದು ಮೀಸೆ ತಿರುವಿದರು. ನಾವು ಗುತ್ತೆಪ್ಪನ ಜೊತೆ ಚಾನಲ್ಲಿನ ಕಡೆ ಹೋದೆವು. ನೀರಲ್ಲಿ ಕಾಲು ಇಳಿಬಿಟ್ಟು, ಬುತ್ತಿ ಉಂಡು, ಹಳೆಯದನ್ನೆಲ್ಲ ನೆನೆದು ನಕ್ಕು ತಿರುಗಿ ಬರುವಾಗ ಹೊತ್ತು ವಾಲಿತ್ತು.

ಬಂದು ನೋಡಿದರೆ ಹಾಳೆ ಬೆಳ್ಳಗಿದೆ! ಈ ತುದಿಯಿಂದ ಆ ತುದಿಗೆ ಸಾಲು ಸಾಲಾಗಿ ಅಕ್ಕಿ ಸಂಡಿಗೆ. ಪಕ್ಕದಲ್ಲಿ ಗುತ್ತೆಪ್ಪನ ಹೆಂಡತಿ ಅಂಜಿನವ್ವ ಕೋಲು ಹಿಡಿದು ಕಾಗೆ ಕಾಯುತ್ತಾ ಕೂತಿದ್ದಾಳೆ.

"ಬರ್ರಿ ಅಕ್ಕೋರೆ. ಊರಾಗೆ ಕೋತಿ ಕಾಟ, ಅದಕ್ಕೇ ಹಿಟ್ಟು ಇಲ್ಲಿಗೇ ತಂದೆ. ಎಂಥಾ ಚಂದದ ಚಾಪಿ ತಂದೀರಿ! ತಳದಾಗೂ ಹೆಂಗೆ ಕಾಯ್ತೈತೆ ಅಂತೀರಿ!"

ಗುತ್ತೆಪ್ಪ ರೇಗಿದ. "ಏ, ಅದು ಬ್ಯಾಟ್ರಿ ತುಂಬ್ಸೋದು ಕಣೇ! ಯಾರನ್ನ ಕೇಳಿ ಹಾಕ್ದೆ?"

"ಬಿಸಿಲಿಗೆ ಹಾಸ್ಯಾರೆ ಅಂದಮ್ಯಾಲೆ ಒಣಗ್ಸಾಕೇ ಅಲ್ಲೇನು? ನಂಗೇನು ಗೊತ್ತು?" ಎಂದವಳು, ಆದದ್ದು ತಿಳಿದ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇವರು ಮಾತ್ರ ಮೆಲ್ಲಗೆ ಬಗ್ಗಿ, ಒಂದು ಸಂಡಿಗೆ ಎತ್ತಿ ಮುರಿದು ನೋಡಿದರು. "ಚಲೋ ಒಣಗ್ಯಾವೆ ಬಿಡವ್ವ. ಅಳಬ್ಯಾಡ" ಎಂದರು. ನನ್ನ ಗಂಡ ಎಂಥವರು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದೊಂದೇ ಮಾತನ್ನು.

ಆದರೆ ಅಂದು ಸಂಜೆಯಿಡೀ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದರು. ಚಹಾ ಕೊಟ್ಟರೆ ಕುಡಿಯದೆ ಆರಲು ಬಿಟ್ಟರು. ಬೆಳಗ್ಗೆ ನೋಡಿದರೆ ಬ್ಯಾಟರಿಯ ಐದು ದೀಪಗಳಲ್ಲಿ ಎರಡೇ ಉರಿಯುತ್ತಿದ್ದವು.

"ನೀನು ಗುತ್ತೆಪ್ಪನ ಜೊತೆ ನಡ್ಕೊಂಡು ಹತ್ತಿ ಬಾ. ನಾನು ಇಲ್ಲಿಂದಲೇ ಕೈ ಬೀಸ್ತೀನಿ" ಎಂದರು.

ನನ್ನ ಸಿಟ್ಟು ನೆತ್ತಿಗೇರಿತು. "ಕೈ ಬೀಸಿಸ್ಕೊಳ್ಳೋಕೆ ಬಂದೆನೇನ್ರೀ ನಾನು? ಏಳ್ರಿ ಮೇಲೆ! ಕ್ಯಾರಿಯರ್ ಮೇಲೆ ಕೂಡ್ರಿ."

"ನಾ ಹಿಂದೆ ಕುಂತ್ರೆ ಹೊಡೆಯೋರು ಯಾರು?"

"ನಾನು. ತುಳಿಯೋರಿದ್ರೆ ಅರ್ಧ ಬ್ಯಾಟರಿ ಸಾಕು ಅಂತ ಊರಿಗೆಲ್ಲ ಸಾರೋರು ನೀವೇ ಅಲ್ವಾ? ಸೀಟು ಇಳಿಸ್ರಿ ಮೊದಲು."

ಇವರ ಜೇಬಿನಲ್ಲಿ ಸ್ಪ್ಯಾನರ್ ಇಲ್ಲದ ದಿನವಿಲ್ಲ. ಬೆಪ್ಪಾಗಿ ಸೀಟು ಇಳಿಸಿಕೊಟ್ಟರು. ಚೂಡಿದಾರ ಹಾಕಿಕೊಂಡು ಬಂದದ್ದು ಒಳ್ಳೆಯದೇ ಆಯಿತು. ಹೊಲದ ಬದಿಯಲ್ಲಿ ಒಂದು ಸುತ್ತು ಹಾಕಿ ನೋಡೋಣವೆಂದು ಹತ್ತಿದೆ. ಮೊದಲಿಗೆ ಹ್ಯಾಂಡಲ್ ಅತ್ತಿತ್ತ ಆಡಿತು. ಹಿಂದಿನಿಂದ ಇವರು ಅಭ್ಯಾಸಬಲದಿಂದ ಸೀಟು ಹಿಡಿದು, ಕುಂಟುತ್ತಾ ಬರುತ್ತಾ ಕೂಗಿದರು: "ಮುಂದೆ ನೋಡು, ನನ್ನ ನೋಡಬ್ಯಾಡ!"

ಊರ ಮಕ್ಕಳಿಗೆಲ್ಲ ಹೇಳಿದ ಮಾತು ಕೊನೆಗೂ ನನ್ನ ಪಾಲಿಗೂ ಬಂತು. ಕಣ್ಣು ತುಂಬಿದವು. ಆದರೂ ಮುಂದೆಯೇ ನೋಡಿದೆ. ಸೈಕಲ್ ನೆಟ್ಟಗಾಯಿತು. ಇವರ ಕೈ ಬಿಡಿಸಿಕೊಂಡು ಹೊಲದ ಸುತ್ತ ಒಂದು ಸುತ್ತು ಹಾಕಿ, ಬಂದು ಇವರ ಮುಂದೆ ಬ್ರೇಕ್ ಹಾಕಿದೆ.

"ಇದು ಇವತ್ತು ಕಲಿತೋರ ಕೈಯಲ್ಲ!" ಎಂದರು.

"ಮಲೆಬೆನ್ನೂರಿನಾಗೆ ಕಲಿತದ್ದು. ಮದುವೆಗೆ ಮುಂಚೆ."

"ಮತ್ತೆ ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ನೀವು ಕೇಳಿದ್ರೇನು?"

ಇವರು ತಲೆ ತಗ್ಗಿಸಿದರು. ಹಾಗೇ ಹೋಗಿ ಕ್ಯಾರಿಯರ್ ಮೇಲೆ ಕೂತರು.

ಗುಡ್ಡ ಹತ್ತಿದೆವು. ನಾನು ತುಳಿದೆ, ಮೋಟರು ಎಳೆಯಿತು, ಕಡಿದಾದ ಕಡೆ ಗುತ್ತೆಪ್ಪ ಹಿಂದಿನಿಂದ ತಳ್ಳಿದ. "ಬಕ್ಷಣ್ಣ, ಮೂಟಿ ಭಾರ ಐತೆ ಕಣೋ" ಎಂದು ದಾರಿಯುದ್ದಕ್ಕೂ ಅವನ ಗೊಣಗಾಟ. ಎರಡು ಸಲ ನಿಂತು ದಮ್ಮು ಆರಿಸಿಕೊಂಡೆ. ಬ್ಯಾಟರಿಯ ಕೊನೆಯ ದೀಪ ಮಿಣುಕುತ್ತಿರುವಾಗ ತುದಿ ಸಿಕ್ಕಿತು. ಅದೇ ಗದ್ದೆ, ಅದೇ ಹೊಳೆ. ಮಂಡಕ್ಕಿ ಬಿಚ್ಚಿದೆವು, ಜೊತೆಗೆ ಅಂಜಿನವ್ವ ನಸುಕಿನಲ್ಲೇ ಕರಿದು ಕಟ್ಟಿಕೊಟ್ಟಿದ್ದ ಸಂಡಿಗೆ. ಅಂಥ ಗರಿ ಗರಿ ಸಂಡಿಗೆ ನಾನು ಮತ್ತೆಲ್ಲೂ ತಿಂದಿಲ್ಲ. ಇವರು ಹೊಳೆಯಿಂದ ಕಣ್ಣು ತಿರುಗಿಸಿ ನನ್ನನ್ನು ನೋಡಿದರು. "ತಪ್ಪಾಯ್ತು ಖತೀಜಾ, ಕೇಳ್ಬೇಕಿತ್ತು" ಎಂದರು. "ಸಂಡಿಗೆ ತಿನ್ರಿ, ಮೆತ್ತಗಾಗ್ತವೆ" ಎಂದೆ.

ಇಳಿಜಾರಿಗೆ ಬ್ಯಾಟರಿ ಬೇಕಾಗಲಿಲ್ಲ. ಊರಲ್ಲಿ ಗುತ್ತೆಪ್ಪನ ಮನೆಯ ಪ್ಲಗ್ಗಿನಿಂದ ಒಂದಿಷ್ಟು ಚಾರ್ಜು ತುಂಬಿಸಿಕೊಂಡು, ಹುಟ್ಟುಹಬ್ಬಕ್ಕೂ ಹೊತ್ತಿಗೆ ಸರಿಯಾಗಿ ಮುಟ್ಟಿದೆವು.

ಊರಿಗೆ ಬಂದ ವಾರದಲ್ಲೇ ಇವರು ಆ ಕ್ಯಾರಿಯರ್‌ಗೆ ಹತ್ತಿ ತುಂಬಿಸಿ ಒಂದು ದಪ್ಪ ಮೆತ್ತೆ ಹೊಲಿಸಿದರು. ಡಾಕ್ಟರು ಅಂಗಡಿ ಮುಂದೆ ನಿಂತು, "ಭಾರಿ ಆಯ್ತಲ್ರಿ, ಮನೆಯವರಿಗೆ ಸಿಂಹಾಸನ!" ಎಂದು ನಕ್ಕರು.

"ಆಕಿಗಲ್ಲ ಸಾರ್," ಎಂದರು ನನ್ನ ಗಂಡ, ಮೆತ್ತೆಯ ಧೂಳು ಕೊಡವುತ್ತಾ. "ನನಗೆ."