ಮಲ್ಲಿಗೆ ಸುತ್ತಿದ ಡಾಟಾ ಕಾರ್ಡು

ಪೈಂಟಿನವರು ಬರುತ್ತಾರೆಂದು ಮೊನ್ನೆ ನಾವಿಬ್ಬರೂ ಕಪಾಟು ಖಾಲಿ ಮಾಡುತ್ತಿದ್ದೆವು. ಸೀರೆಗಳ ಅಡಿಯಿಂದ ಸುಮತಿ, ಎಂದರೆ ನನ್ನ ಹೆಂಡತಿ, ಒಂದು ಪ್ಲಾಸ್ಟಿಕ್ ತೊಟ್ಟೆಯನ್ನು ಎಳೆದು ತೆಗೆದಳು. ಅದರ ಗಂಟು ಬಿಚ್ಚಿದ್ದೇ ತಡ, ಒಂದು ವಾಸನೆ ಬಂತು. ಒಣಗಿದ ಮಲ್ಲಿಗೆಯನ್ನು ನೀವು ಯಾವತ್ತಾದರೂ ಮೂಸಿ ನೋಡಿದ್ದೀರಾ? ಹಳೆಯ ಚಾಪುಡಿಯ ಡಬ್ಬಿ ತೆರೆದ ಹಾಗೆ ಇರುತ್ತದೆ. ಒಳಗೆ ಸಾಬೂನಿನ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ, ಅದಕ್ಕೆ ಸುತ್ತಿದ ಬಾಳೆನಾರು, ನಾರಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಮಲ್ಲಿಗೆ ಮೊಗ್ಗುಗಳು.

“ಓಯ್, ಇದನ್ನು ಬಿಸಾಡುವುದಾ?”

“ಬೇಡ ಬೇಡ, ಅಲ್ಲಿಡು.”

“ಅದರ ಸಿಮ್ ಸತ್ತು ಎಷ್ಟು ಕಾಲ ಆಯ್ತು. ಇನ್ನೆಂತಕ್ಕೆ ಇದು?”

ಎಂತಕ್ಕೆಂದು ನಿಮಗಾದರೂ ಹೇಳುತ್ತೇನೆ, ಕುಳಿತುಕೊಳ್ಳಿ. ಇದು ಡಾಟಾ ಕಾರ್ಡು. ಸಿಮ್ ಹಾಕಿ ಗುಂಡಿ ಒತ್ತಿದರೆ ಪಕ್ಕದ ಫೋನಿಗೆ ನೆಟ್ ಕೊಡುತ್ತದೆ. ಹಸಿರು ದೀಪ ಬಂದರೆ ನೆಟ್ ಉಂಟು, ಕೆಂಪು ಬಂದರೆ ಇಲ್ಲ. ಆ ಎರಡು ದೀಪಗಳನ್ನು ನೋಡಿ ನೋಡಿ ನಾನು ಒಂದು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ, ನಿದ್ದೆ ಮಾಡಲಿಲ್ಲ.

ನಾನು ಕೊಕ್ಕಡದಲ್ಲಿ ಒಂದು ರಬ್ಬರ್ ಅಂಗಡಿಯಲ್ಲಿ ಶೀಟು ನೋಡಿ ಗ್ರೇಡು ಹೇಳುವವನು. ಶೀಟನ್ನು ಬೆಳಕಿಗೆ ಹಿಡಿದರೆ ಗುಳ್ಳೆ, ಕಲೆ, ಹೊಗೆ ಹಿಡಿದದ್ದು ಎಲ್ಲ ಕಾಣುತ್ತದೆ. ಆ ಒಂದು ಕೆಲಸದಲ್ಲಿ ನನಗೆ ಅನುಮಾನವೆಂಬುದಿಲ್ಲ. ಉಳಿದ ಎಲ್ಲದರಲ್ಲೂ ಅನುಮಾನವೇ. ಮನೆಗೆ ಬೀಗ ಹಾಕಿ ಬಸ್ಸು ಹತ್ತಿದರೆ, ಬೀಗ ಹಾಕಿದೆನೋ ಬರೀ ಕೀಲಿ ತಂದೆನೋ ಎಂದು ಧರ್ಮಸ್ಥಳದವರೆಗೂ ಬೆವರುತ್ತೇನೆ. ಇಂಥವನ ತಲೆಯ ಮೇಲೆ ಮಗಳ ಮದುವೆ ಬಂತು. ಅದಾದರೂ ಪರವಾಗಿರಲಿಲ್ಲ, ಏಕೆಂದರೆ ನಮ್ಮಲ್ಲಿ ಹೆಣ್ಣಿನ ಮದುವೆ ಎಂದರೆ ಸೋದರಮಾವನದ್ದು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅಪ್ಪನೆಂಬವನು ಹೊಸ ಪಂಚೆ ಉಟ್ಟು, ಬಂದವರಿಗೆ ನಮಸ್ಕಾರ ಹೇಳಿ, ಕರೆದಾಗ ಹೋಗಿ ನಿಂತರೆ ಸಾಕು. ನನ್ನಂಥ ಹೆದರುಪುಕ್ಕಲನಿಗೆ ಹೇಳಿ ಮಾಡಿಸಿದ ಪದ್ಧತಿ.

ಸುಮತಿಯ ಅಣ್ಣ ಫರಂಗಿಪೇಟೆಯವರು, ಬಸ್‌ಸ್ಟಾಂಡಿನಲ್ಲಿ ಟೈಮ್‌ಕೀಪರ್ ಆಗಿದ್ದವರು. ಯಾವ ಬಸ್ಸು ಯಾವ ತಿರುವಿನಲ್ಲಿ ಎಷ್ಟು ಹೊತ್ತಿಗೆ ಇರುತ್ತದೆ ಎಂದು ಕಣ್ಣು ಮುಚ್ಚಿ ಹೇಳುವವರು. ಅಪ್ಪನನ್ನು ಬೇಗ ಕಳೆದುಕೊಂಡ ಸುಮತಿಯನ್ನು ಸಾಕಿದವರೂ ಅವರೇ, ನನ್ನ ಕೈಗೆ ಕೊಟ್ಟವರೂ ಅವರೇ. ನಾನು ಅವರನ್ನು ಬಾವ ಎನ್ನುತ್ತೇನೆ, ಅವರೂ ನನ್ನನ್ನು ಬಾವ ಎನ್ನುತ್ತಾರೆ. ನಾವು ಮಾತಾಡುವುದು ತುಳುವಿನಲ್ಲಿ. ನಿಮಗೆ ಹೇಳಲೆಂದು ಕನ್ನಡ ಮಾಡುತ್ತಿದ್ದೇನೆ.

ಮಗಳು ನಿಶ್ಮಿತಳಿಗೆ ಸಂಬಂಧ ನೋಡಿದ್ದು, ಮೂಡುಬಿದಿರೆಯಲ್ಲಿ ಹಾಲ್ ಗೊತ್ತು ಮಾಡಿದ್ದು, ಅಡುಗೆಯವರಿಗೆ ಹೇಳಿದ್ದು ಎಲ್ಲ ಬಾವನೇ. ಮದುವೆಗೆ ಒಂದು ತಿಂಗಳಿರುವಾಗ ಅವರಿಗೆ ಎದೆನೋವು ಬಂತು. ಮಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಹೃದಯದ ಆಪರೇಷನ್ ಆಗಬೇಕು, ತಡ ಮಾಡುವಂತಿಲ್ಲ ಎಂದರು. ಡಾಕ್ಟರು ಕೊಟ್ಟ ದಿನವೂ ಜೋಯಿಸರು ಕೊಟ್ಟ ದಿನವೂ ಒಂದೇ ಆಯಿತು. ಮದುವೆಯನ್ನೇ ಮುಂದೆ ಹಾಕುವ ಎಂದೆ. ಬಾವ ಮಂಚದಲ್ಲಿ ಎದ್ದು ಕುಳಿತರು.

“ಮುಂದೆ ಹಾಕಿ, ನನಗೆ ಹೆಚ್ಚು ಕಡಿಮೆ ಆದ್ರೆ? ಆಮೇಲೆ ಸೂತಕ, ವರ್ಷಾಂತಿಕ ಅಂತ ಹುಡುಗಿ ಕೂತುಕೊಳ್ಬೇಕು. ಅದೆಲ್ಲ ಬೇಡ ಮಾರಾಯ್ರೆ. ಒಂದು ಕೆಲಸ ಮಾಡಿ. ಒಳಗೆ ಕೊಂಡುಹೋಗುವ ಮೊದಲು ನನಗೆ ಸ್ವಲ್ಪ ಹೊತ್ತು ಫೋನ್ ಕೊಡ್ತಾರಂತೆ. ಆ ಹೊತ್ತಿಗೆ ನಿಮ್ಮ ದಿಬ್ಬಣ ದಾರಿಯಲ್ಲಿ ಇರ್ತದೆ. ಹುಡುಗಿಯನ್ನು ಒಮ್ಮೆ ತೋರಿಸಿ. ಸೇಸೆ ನಾನು ಇಲ್ಲಿಂದಲೇ ಹಾಕ್ತೇನೆ.”

ಸೇಸೆ ಎಂದರೆ ಹಿರಿಯರು ಮದುಮಗಳ ತಲೆಗೆ ಹಾಕುವ ಅಕ್ಕಿ. ಸೋದರಮಾವನ ಸೇಸೆ ಬೀಳದೆ ನಮ್ಮಲ್ಲಿ ಹೆಣ್ಣು ಧಾರೆಗೆ ನಿಲ್ಲುವುದಿಲ್ಲ. ಆಗಲಿ ಬಾವ ಎಂದು ಹೇಳಿ ಹೊರಗೆ ಬಂದವನಿಗೆ ದಾರಿಯ ಚಿಂತೆ ಹತ್ತಿತು. ಕೊಕ್ಕಡದಿಂದ ಮೂಡುಬಿದಿರೆಗೆ ಹೋಗುವಾಗ ಎಲ್ಲಿ ನೆಟ್ ಇರುತ್ತದೆ, ಎಲ್ಲಿ ಇರುವುದಿಲ್ಲ ಎಂದು ದೇವರಿಗೂ ಗೊತ್ತಿಲ್ಲ. ರೇಂಜ್ ಇರುವಲ್ಲಿ ಬಸ್ಸು ನಿಲ್ಲಿಸಿದರಾಯಿತಲ್ಲ ಎನ್ನುತ್ತೀರಾ? ಸುಮತಿಯ ದೊಡ್ಡಮ್ಮನನ್ನು ನೀವು ನೋಡಿಲ್ಲ. ಹೊರಟ ದಿಬ್ಬಣ ಕಂಡಕಂಡಲ್ಲಿ ನಿಲ್ಲಬಾರದೆಂದು ಅವರ ಕಟ್ಟಪ್ಪಣೆ. ಮೇಲಾಗಿ ಆಸ್ಪತ್ರೆಯವರು ಫೋನ್ ಯಾವಾಗ ಕೊಡುತ್ತಾರೆಂದು ಯಾರು ಕಂಡರು? ದಾರಿಯುದ್ದಕ್ಕೂ ನೆಟ್ ಇರಲೇಬೇಕು.

ಬೆಳ್ತಂಗಡಿಯ ಮೊಬೈಲ್ ಅಂಗಡಿಯಾಕೆ ಈ ಪೆಟ್ಟಿಗೆಯನ್ನು ಕೊಟ್ಟಳು. ಫೋನಿಗೆ ಸಿಗದ ಕಡೆಯೂ ಇದಕ್ಕೆ ಸಿಗುತ್ತದಂತೆ. ಯಾವ ಕಂಪನಿಯ ಸಿಮ್ ಹಾಕಲಿ ಎಂದು ಕೇಳಿದೆ. “ಅದು ನೀವು ಯಾವ ದಾರಿಯಲ್ಲಿ ಹೋಗ್ತೀರಿ ಅಂತ ನೋಡ್ಬೇಕು ಸರ್” ಎಂದಳು. ಅಂದಿನಿಂದ ಸಿಕ್ಕಿದವರನ್ನೆಲ್ಲ ನಿಮ್ಮಲ್ಲಿ ಯಾವುದು ಸಿಗುತ್ತದೆಂದು ಕೇಳತೊಡಗಿದೆ. ಈ ಪ್ರಶ್ನೆಗೆ ನಮ್ಮ ಊರಿನವರು ಕಂಪನಿಯ ಹೆಸರು ಹೇಳುವುದಿಲ್ಲ, ಜಾಗ ಹೇಳುತ್ತಾರೆ. ನಮ್ಮಲ್ಲಿ ದನದ ಹಟ್ಟಿಯ ಹಿಂದೆ ಸಿಗುತ್ತದೆ, ನಮ್ಮಲ್ಲಿ ನೀರಿನ ಟ್ಯಾಂಕಿಗೆ ಹತ್ತಿದರೆ ಸಿಗುತ್ತದೆ, ನಮ್ಮಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಫೋನನ್ನು ಲೋಟದೊಳಗೆ ನಿಲ್ಲಿಸಿದರೆ ಸಿಗುತ್ತದೆ. ಓಡುವ ಬಸ್ಸಿಗೆ ಹಟ್ಟಿಯನ್ನು ಎಲ್ಲಿಂದ ತರಲಿ?

ಕೊನೆಗೆ ಒಂದು ಭಾನುವಾರ ಅವರಿವರಿಂದ ಮೂರು ಕಂಪನಿಯ ಸಿಮ್ ಎರವಲು ಪಡೆದು, ಬೆಳ್ತಂಗಡಿ, ಗುರುವಾಯನಕೆರೆ, ವೇಣೂರು ದಾರಿಯಾಗಿ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋದೆ. ಹೋಗುವಾಗ ಒಂದು ಸಿಮ್, ಬರುವಾಗ ಇನ್ನೊಂದು, ಪುನಃ ಹೋಗುವಾಗ ಮತ್ತೊಂದು. ಪೆಟ್ಟಿಗೆಯನ್ನು ಕಿಟಕಿಗೆ ಹಿಡಿದು ಕುಳಿತೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬಹಳ ಹೊತ್ತು ನೋಡಿ, “ಇದೆಂತ, ಶುಗರ್ ನೋಡುವ ಮೆಶಿನಾ?” ಎಂದು ಕೇಳಿದರು. ಹೌದು ಎಂದೆ. “ನನ್ನದೂ ಒಮ್ಮೆ ನೋಡಿ” ಎಂದು ಬೆರಳು ಚಾಚಿದರು. ಮೂರನೆಯ ಸಲ ಅದೇ ಕಂಡಕ್ಟರ್ ಸಿಕ್ಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಅಂತೂ ಶೀಟಿಗೆ ಹಾಕಿದ ಹಾಗೆ ಮೂರಕ್ಕೂ ಗ್ರೇಡು ಹಾಕಿದೆ. ಒಂದು ಬರೀ ಲಾಟು, ಎಂದರೆ ಕಡೆಯ ದರ್ಜೆ, ಒಂದು ಸಾಧಾರಣ, ಎರಡನೆಯ ಸಲ ಹಾಕಿದ್ದು ಮಾತ್ರ ಫಸ್ಟ್ ಕ್ಲಾಸ್. ಗುರುವಾಯನಕೆರೆಯಿಂದ ಮೂಡುಬಿದಿರೆಯವರೆಗೆ ಅದರ ಹಸಿರು ದೀಪ ಆರಿದ್ದು ಒಂದೆರಡು ತಿರುವಿನಲ್ಲಿ. ಅಂದು ರಾತ್ರಿ ಹೊಟ್ಟೆ ತುಂಬ ಉಂಡೆ.

ಮದುವೆಯ ಬೆಳಿಗ್ಗೆ ದಿಬ್ಬಣದ ಬಸ್ಸು ಹೊರಟಿತು. ನಿಶ್ಮಿತಾ ಮುಂದಿನ ಸೀಟಿನಲ್ಲಿ, ತಲೆ ತುಂಬ ಮಲ್ಲಿಗೆ. ನಾನು ಹಿಂದಿನ ಸೀಟಿನಲ್ಲಿ ಪೆಟ್ಟಿಗೆ ಹಿಡಿದು. ಅವಳು ಆಗಾಗ ತಿರುಗಿ, “ಪಪ್ಪ, ಉಂಟಾ?” ಎಂದು ಕೇಳುತ್ತಿದ್ದಳು. ಉಂಟು ಎನ್ನುತ್ತಿದ್ದೆ. ಬೆಳ್ತಂಗಡಿ ದಾಟಿತು. ಗುರುವಾಯನಕೆರೆಗೆ ಬಂದ ಬಸ್ಸು ವೇಣೂರಿನ ದಾರಿ ಬಿಟ್ಟು ಅಳದಂಗಡಿಯ ಕಡೆಗೆ ತಿರುಗಿತು.

ನಾನು ಎದ್ದು ನಿಂತೆ. “ಎಲ್ಲಿಗೆ ಹೋಗ್ತಾ ಇದ್ದೀರಿ?”

“ಶಿರ್ತಾಡಿಯಾಗಿ ಅಂತ ದೊಡ್ಡಮ್ಮ ಹೇಳಿದ್ದಾರಲ್ಲ” ಎಂದ ಡ್ರೈವರ್.

ದೊಡ್ಡಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು. “ಕುಟುಂಬದ ದೈವಕ್ಕೆ ಒಂದು ತೆಂಗಿನಕಾಯಿ ಇಡದೆ ಹುಡುಗಿಯನ್ನು ಕೊಡುವುದುಂಟಾ? ನಿಮಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಶಿರ್ತಾಡಿಯ ಹತ್ತಿರ ಇರುವುದು ನನ್ನ ಹೆಂಡತಿಯ, ಮಗಳ ಕುಟುಂಬದ ಮನೆ. ನಾನು ಆ ಕುಟುಂಬದವನಲ್ಲ. ನನ್ನ ಮದುವೆಯ ದಿನವೂ ಹೆಣ್ಣಿನ ದಿಬ್ಬಣ ಹೀಗೆಯೇ ಸುತ್ತಿ ಬಂದಿರಬೇಕು, ಆದರೆ ನಾನು ಹಾಲ್‌ನಲ್ಲಿ ಕಾಯುತ್ತಿದ್ದೆ. ಹೆಣ್ಣು ಯಾವ ದಾರಿಯಲ್ಲಿ ಬಂತೆಂದು ಯಾವ ಮದುಮಗ ಕೇಳುತ್ತಾನೆ? ಇದನ್ನೆಲ್ಲ ಹೇಳಬೇಕಾದವರು ಬಾವ. ಎಲ್ಲರಿಗೂ ಗೊತ್ತಿರುವುದು ನನಗೂ ಗೊತ್ತಿರುತ್ತದೆಂದು ಅವರು ಬಿಟ್ಟಿದ್ದರು. ನಾನೂ ದಿಬ್ಬಣ ಯಾವ ದಾರಿಯಲ್ಲಿ ಹೋಗುತ್ತದೆಂದು ಮನೆಯಲ್ಲಿ ಒಂದು ಮಾತು ಕೇಳದೆ ಇಡೀ ಭಾನುವಾರ ಬಸ್ಸಿನಲ್ಲಿ ಅಲೆದಿದ್ದೆ. ಸ್ವಲ್ಪ ದೂರ ಹೋಗುವುದರೊಳಗೆ ಪೆಟ್ಟಿಗೆಯ ದೀಪ ಕೆಂಪಾಯಿತು. “ಪಪ್ಪ, ಉಂಟಾ?” ಎಂದು ನಿಶ್ಮಿತಾ ಕೇಳಿದಳು. ಬರ್ತದೆ ಮಗಾ ಎಂದೆ.

ಕುಟುಂಬದ ಮನೆಯ ಅಂಗಳದಲ್ಲಿ ಬಸ್ಸು ನಿಂತು, ದೈವದ ಎದುರು ತೆಂಗಿನಕಾಯಿ ಇಟ್ಟು ಕೈಮುಗಿಯುತ್ತಿರುವಾಗಲೇ ಸುಮತಿಯ ಫೋನು ಹೊಡೆದುಕೊಂಡಿತು. ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಬಾವನ ಹೆಂಡತಿ. “ಈಗ ಫೋನ್ ಕೊಟ್ಟಿದ್ದಾರೆ, ಬೇಗ, ಬೇಗ.” ನಾನು ಪೆಟ್ಟಿಗೆ ಹಿಡಿದುಕೊಂಡು ಅಂಗಳದ ಆ ಮೂಲೆಗೆ, ಈ ಮೂಲೆಗೆ ಓಡಿದೆ. ಕೆಂಪು. ಜಗಲಿಗೆ ಹತ್ತಿದೆ. ಕೆಂಪು. ಮಂಗಳೂರಿನಲ್ಲಿ ಒಬ್ಬ ಮನುಷ್ಯ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಕಾಯುತ್ತಿದ್ದಾನೆ, ಇನ್ನು ಸ್ವಲ್ಪ ಹೊತ್ತಿಗೆ ಅವನ ಎದೆ ತೆರೆಯುತ್ತಾರೆ, ಅವನು ಕೇಳಿದ್ದು ಒಂದೇ ಒಂದು, ಅದೂ ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಅಳು ಬಂತು.

ಮನೆಯ ಹೆಂಗಸು ನೀರಿನ ಚೆಂಬು ಹಿಡಿದು ಹೊರಗೆ ಬಂದವಳು ನನ್ನ ಓಡಾಟ ನೋಡಿದಳು. “ಅಲ್ಲಿ ಎಂತ ಸಿಗ್ತದೆ? ಬಾವಿಕಟ್ಟೆಗೆ ಹತ್ತಿ. ನಾವೆಲ್ಲ ಮಾತಾಡುವುದು ಅಲ್ಲಿಯೇ.”

ಹೊಸ ಪಂಚೆಯನ್ನು ಮೊಣಕಾಲಿಗೆ ಎತ್ತಿ ಬಾವಿಕಟ್ಟೆ ಹತ್ತಿದೆ. ಸುಮತಿ ಹಿಂದಿನಿಂದ ಪಂಚೆ ಹಿಡಿದು, “ಬೀಳ್ಬೇಡಿ, ಬೀಳ್ಬೇಡಿ” ಎನ್ನುತ್ತಿದ್ದಳು. ಪೆಟ್ಟಿಗೆಯನ್ನು ಕೈ ಸೋಲುವಷ್ಟು ಮೇಲಕ್ಕೆ ಎತ್ತಿದೆ. ಹಸಿರು ದೀಪ ಬಂತು. ಕೆಳಗೆ ನಿಂತಿದ್ದ ನಿಶ್ಮಿತಳ ಫೋನಿನಲ್ಲಿ ಬಾವನ ಮುಖ ಮೂಡಿತು. ಕನ್ನಡಕ ಇರಲಿಲ್ಲ, ಆಸ್ಪತ್ರೆಯ ಬಟ್ಟೆ, ಬೋಳಿಸಿದ ಎದೆ.

“ಮಾಮ, ಕಾಣ್ತದಾ?”

ಬಾವ ಒಂದು ಗಳಿಗೆ ಸುಮ್ಮನಿದ್ದರು. “ಕಾಣ್ತದೆ ಮಗಾ, ಕಾಣ್ತದೆ. ಚಂದ ಕಾಣ್ತಿ. ಅಷ್ಟು ಮಲ್ಲಿಗೆ ಎಂತಕ್ಕೆ ಮಾರಾಯ್ತಿ, ಕುತ್ತಿಗೆ ನೋಯ್ಲಿಕ್ಕಿಲ್ವಾ?”

ಅಳುತ್ತಿದ್ದವರೆಲ್ಲ ನಕ್ಕರು. ಕುಟುಂಬದ ಮನೆಯಲ್ಲಿದ್ದೇವೆ ಎಂದು ನಿಶ್ಮಿತಾ ಹೇಳಿದಳು. ಬಾವ ಕೈಮುಗಿದರು. “ತಲೆ ಬಗ್ಗಿಸು” ಎಂದು ಅಕ್ಕಿಯ ಮುಷ್ಟಿ ಎತ್ತಿದರು. ಅವಳು ಫೋನಿನ ಎದುರು ತಲೆ ಬಗ್ಗಿಸಿದಳು. ಅಷ್ಟರಲ್ಲಿ ಕರೆ ತುಂಡಾಯಿತು. ನಾನು ಕಟ್ಟೆಯಿಂದ ಇಳಿದಾಗ ದೊಡ್ಡಮ್ಮ ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಹರಿವಾಣದಲ್ಲಿದ್ದ ಒಂದು ತುಂಡು ಮಲ್ಲಿಗೆಯನ್ನು ಅದಕ್ಕೆ ಸುತ್ತಿದರು. ಆಯುಧಪೂಜೆಯ ದಿನ ಕತ್ತಿಗೆ, ಬಸ್ಸಿಗೆ ಹೂ ಇಡುವುದಿಲ್ಲವೇ, ಹಾಗೆ.

ಹಾಲ್‌ನಲ್ಲಿ ಏನೇನಾಯಿತೋ ನನಗೆ ನೆನಪು ಕಡಿಮೆ. ಬಾವನ ಜಾಗದಲ್ಲಿ ಕುಟುಂಬದ ಇನ್ನೊಬ್ಬ ಹಿರಿಯರು ಧಾರೆಗೆ ನಿಂತರು. ಯಾರ ಫೋನು ಹೊಡೆದುಕೊಂಡರೂ ದೊಡ್ಡಮ್ಮನೂ ನಾನೂ ಒಟ್ಟಿಗೆ ತಿರುಗುತ್ತಿದ್ದೆವು. ಇಬ್ಬರಿಗೂ ಒಂದೇ ಹೆದರಿಕೆ. ಊಟದ ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಆಪರೇಷನ್ ಚೆನ್ನಾಗಿ ಆಯಿತೆಂದು ಸುದ್ದಿ ಬಂತು. ನಾನು ಕೈತೊಳೆಯುವ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ, ಮತ್ತೆ ಮತ್ತೆ ತೊಳೆದೆ.

ಅಂದಿನಿಂದ ನೆಟ್ಟಿನ ವಿಷಯ ಯಾರೇ ಎತ್ತಲಿ, ನನ್ನ ಡಾಟಾ ಕಾರ್ಡಿನ ಪುರಾಣ ಸುರುವಾಗುತ್ತದೆ. ಸುಮತಿ ಎದ್ದು ಒಳಗೆ ಹೋಗುತ್ತಾಳೆ. ಮೊನ್ನೆಯೂ ಅದು ಸಿಕ್ಕಿದ ಖುಷಿಗೆ ಬಾವನಿಗೆ ಫೋನ್ ಮಾಡಿದೆ. ಈಗ ಅವರು ಮನೆಯಲ್ಲೇ ಇರುತ್ತಾರೆ. ಮಾತಿನ ಹಿಂದೆ ಹೈವೇಯ ಹಾರ್ನುಗಳು ಕೇಳುತ್ತವೆ, ಯಾವ ಬಸ್ಸು ತಡವಾಯಿತೆಂದು ಇವತ್ತಿಗೂ ಬೈಯುತ್ತಾರೆ.

“ಅದನ್ನು ಇನ್ನೂ ಇಟ್ಟಿದ್ದೀರಾ?” ಎಂದು ನಕ್ಕರು. ಆಮೇಲೆ ಸ್ವರ ತಗ್ಗಿಸಿದರು. “ಬಾವ, ಹುಡುಗಿಗೆ ಮಗುವೂ ಆಯ್ತು, ಇನ್ನು ಹೇಳಬಹುದು. ಆವತ್ತು ನನಗೆ ಅವಳು ಕಾಣಲೇ ಇಲ್ಲ.”

“ಎಂತ?”

“ಸ್ವರ ಮಾತ್ರ ಕೇಳ್ತಿತ್ತು. ಫೋನಿನಲ್ಲಿ ಒಂದು ಚಕ್ರ ತಿರುಗ್ತಾ ಇತ್ತು, ಅಷ್ಟೇ. ಕಾಣುವುದಿಲ್ಲ ಅಂದ್ರೆ ಅವಳು ಅಳ್ತಾ ಹೋಗಿ ಧಾರೆಗೆ ನಿಲ್ತಾಳೆ.”

“ಮತ್ತೆ ಮಲ್ಲಿಗೆ?”

“ಮದುಮಗಳಿಗೆ ಮಲ್ಲಿಗೆ ಇಲ್ಲದೆ ಇರ್ತದಾ ಮಾರಾಯ್ರೆ? ಅಂದಾಜಿಗೆ ಹೇಳಿದ್ದು. ಸೇಸೆಯನ್ನೂ ಆ ಚಕ್ರಕ್ಕೇ ಹಾಕಿದೆ. ಅವಳು ತಲೆ ಬಗ್ಗಿಸಿದ್ಲೋ ಇಲ್ವೋ. ನರ್ಸು ಹಾಸಿಗೆಯಲ್ಲಿ ಅಕ್ಕಿ ಅಂತ ಬೈದ್ಲು.”

ಫೋನಿಟ್ಟೆ. ಇಷ್ಟು ವರ್ಷ ನಾನು ಫಸ್ಟ್ ಕ್ಲಾಸ್ ಎಂದು ಹೊಗಳಿದ ಶೀಟಿನ ತುಂಬ ಗುಳ್ಳೆ. ಆಗ ಒಂದು ಫೋಟೋ ನೆನಪಾಯಿತು. ಬಾವಿಕಟ್ಟೆಯ ಹತ್ತಿರ ಸುಮತಿಯ ತಂಗಿ ಫೋನಿನಲ್ಲಿ ತೆಗೆದು ನನಗೆ ಕಳಿಸಿದ್ದು. ಅದನ್ನು ನಾನು ಯಾರಿಗೂ ತೋರಿಸಿರಲಿಲ್ಲ, ಏಕೆಂದರೆ ಅದರಲ್ಲಿ ನಾನು ಪಂಚೆ ಎತ್ತಿ, ಬಾಯಿ ತೆರೆದು, ಆಕಾಶಕ್ಕೆ ಕೈ ಚಾಚಿ ನಿಂತಿದ್ದೇನೆ. ಕೆಳಗೆ ನಿಶ್ಮಿತಾ. ಹುಡುಕಿ ಬಾವನಿಗೆ ಕಳಿಸಿದೆ. ಮನೆಯಲ್ಲಿ ಈಗ ಒಳ್ಳೆಯ ನೆಟ್ ಉಂಟು, ತಕ್ಷಣ ಹೋಯಿತು. ಎರಡು ಗೆರೆ ನೀಲಿಯಾದವು. ಉತ್ತರ ಬರಲಿಲ್ಲ. ಸುಮತಿ ತೊಟ್ಟೆ ಹಿಡಿದು ಎದುರು ನಿಂತಳು. ಬಾವನಿಗೆ ಎದೆನೋವು ಬಂತೋ ಎಂದು ನನಗೆ ಹೆದರಿಕೆ ಹತ್ತಿತು. ಆಗ ಫೋನು ಹೊಡೆದುಕೊಂಡಿತು.

“ಬಾವ,” ಎಂದರು. ಸ್ವರ ಒದ್ದೆಯಾಗಿತ್ತು. “ತಲೆ ಬಗ್ಗಿಸಿದ್ದಾಳೆ.”

“ಹೌದು ಬಾವ.”

“ಹಾಗಾದ್ರೆ ಸೇಸೆ ಬಿದ್ದಿದೆ.”