ಅವ್ವನ ಜೊತೆ ಬೇಲೂರಿಗೆ ಹೋದ ಡಿಸ್ಕು

ನಾನು ಕಂಪ್ಯೂಟರ್ ಬಿಚ್ಚಿದ ದಿನ ನಮ್ಮ ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು. ಬೆಳಗ್ಗೆಯೇ ಮಾಡಿಟ್ಟು, ಒಲೆ ಆರಿಸಿ, ಕೈ ಒರೆಸಿಕೊಂಡು ನೆಲದ ಮೇಲೆ ಕೂತಿದ್ದೆ. ನಡುವೆ ಎದ್ದು ಹೋಗುವಂಥ ಕೆಲಸ ಅದಲ್ಲ ಎಂದು ಕಂಪ್ಯೂಟರ್ ಅಂಗಡಿಯವರು ಹೇಳಿದ್ದರು.

ಅರಸೀಕೆರೆಯಲ್ಲಿ ಇಪ್ಪತ್ತು ವರ್ಷ ಲಗ್ನಪತ್ರಿಕೆ ಟೈಪ್ ಮಾಡಿದವಳು ನಾನು. ಆ ಕೆಲಸ ಬಿಟ್ಟ ಮೇಲೆ ಕಂಪ್ಯೂಟರಿಗೆ ಬೇರೆ ಕೆಲಸ ಹಚ್ಚಿದೆ. ಅವ್ವನ ಟ್ರಂಕಿನಲ್ಲಿದ್ದ ಹಳೆಯ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿದೆ. ಇನ್ನೂರರ ಹತ್ತಿರ ಇದ್ದವು. ಒಂದೊಂದನ್ನೇ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸುವುದು, ಇವರು ಇಂಥವರು, ಇಂಥವರ ಸೊಸೆ, ಈ ಸೀರೆ ಇಂಥ ಮದುವೆಯದು ಎಂದು ಅವ್ವ ಹೇಳುವುದು, ಆ ಮಾತನ್ನು ರೆಕಾರ್ಡ್ ಮಾಡಿ ಫೋಟೋದ ಪಕ್ಕದಲ್ಲೇ ಇಡುವುದು. ದಿನಕ್ಕೆ ಒಂದೋ ಎರಡೋ. ಅವ್ವನಿಗೆ ಎಂಬತ್ತಾರು. ಆ ಮುಖಗಳ ಗುರುತು ಹೇಳಬಲ್ಲವರು ನಮ್ಮ ಪೈಕಿ ಬೇರೆ ಯಾರೂ ಉಳಿದಿಲ್ಲ. ಅವಳು ಮರೆತರೆ ಅವರೆಲ್ಲ ಯಾರೋ ಆಗಿಬಿಡುತ್ತಾರೆ.

ಅರ್ಧ ಮುಗಿದಿರಬೇಕು, ಕಂಪ್ಯೂಟರಿನ ಡಿಸ್ಕು ಹಲ್ಲಿಯ ಹಾಗೆ ಲೊಚಗುಟ್ಟತೊಡಗಿತು. ಅಂಗಡಿಯವರನ್ನು ಕೇಳಿದೆ. "ಒಂದಲ್ಲ, ಎರಡು ಡಿಸ್ಕ್ ಹಾಕ್ಕೊಳಿ ಮೇಡಂ. ರೇಡ್ ಅಂತಾರೆ. ನೀವು ಒಂದ್ಸಲ ಬರೆದ್ರೆ ಅದು ಎರಡರಲ್ಲೂ ಬರ್ಕೊಳ್ಳುತ್ತೆ. ಒಂದು ಕೆಟ್ಟೋದ್ರೂ ಇನ್ನೊಂದಿರುತ್ತೆ" ಎಂದರು. ಹೇಗೆ ಮಾಡುವುದೆಂದು ಚೀಟಿಯಲ್ಲಿ ಬರೆದೂ ಕೊಟ್ಟರು.

ಹಾಗೆ ಆ ದಿನ ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದೆ. ಸ್ಕ್ರೂಗಳನ್ನು ಹಪ್ಪಳದ ತಟ್ಟೆಯಲ್ಲಿಟ್ಟೆ. ಒಳಗಿನ ಫ್ಯಾನಿಗೆ ಇಪ್ಪತ್ತು ವರ್ಷದ ಧೂಳು ಹಿಡಿದಿದ್ದ ಹಾಗಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಅವ್ವ ಕುರ್ಚಿ ಎಳೆದುಕೊಂಡು ಬಂದು ಕೂತಳು.

"ಅದ್ಯಾಕೆ ಎರಡು? ಒಂದೇ ದೊಡ್ಡದು ತರಬೋದಾಗಿತ್ತಲ್ಲ."

"ಒಂದು ಕೆಟ್ರೆ ಇನ್ನೊಂದಿರಲಿ ಅಂತ."

"ನಿಮ್ಮಪ್ಪನ ವಿಸ್ಯದಾಗೆ ಈ ಬುದ್ಧಿ ನಮ್ಮಪ್ಪಂಗೆ ಹೊಳೀಲಿಲ್ಲ ನೋಡು."

ನಾನು ನಗುವಾಗ ಒಂದು ಸ್ಕ್ರೂ ಕೈಜಾರಿ ಒಳಗೆ ಬಿತ್ತು. ಪೆಟ್ಟಿಗೆಯನ್ನೇ ಬೋರಲು ಹಾಕಿ, ಮೊರದಲ್ಲಿ ಕೇರುವ ಹಾಗೆ ಅಲ್ಲಾಡಿಸಿದ ಮೇಲೆ ಸಿಕ್ಕಿತು. ಡಿಸ್ಕುಗಳನ್ನು ಕೂರಿಸಿ, ವೈರು ಸಿಕ್ಕಿಸಿ, ಚೀಟಿಯಲ್ಲಿದ್ದ ಹಾಗೆ ಗುಂಡಿಗಳನ್ನು ಒತ್ತಿದೆ. ಎರಡನ್ನೂ ಕೂಡಿಸಿ ಒಂದೇ ದೊಡ್ಡದು ಮಾಡುವ ದಾರಿಯೂ ಅಲ್ಲಿತ್ತು, ಒಂದರ ನಕಲನ್ನು ಇನ್ನೊಂದು ಇಟ್ಟುಕೊಳ್ಳುವ ದಾರಿಯೂ ಇತ್ತು. ಎರಡನೆಯದನ್ನು ಆರಿಸಿದೆ. ಆಗ ಪರದೆ ಕೆಂಪಾಗಿ ಏನೋ ಕೇಳಿತು. ನಾನು ಬೆರಳು ಎತ್ತಿಕೊಂಡು ಸುಮ್ಮನೆ ಕೂತೆ.

"ಏನಂತೆ ಅದು?"

"ಡಿಸ್ಕಲ್ಲಿರೋದನ್ನೆಲ್ಲ ಅಳಿಸಿಬಿಡ್ಲಾ ಅಂತ ಕೇಳ್ತಿದೆ."

"ಕೇಳ್ತಾನಾದ್ರೂ ಐತಲ್ಲ. ನನ್ ಉಪ್ಪಿನಕಾಯಿ ಜಾಡಿ ತೊಳ್ಯೋವಾಗ ನೀನು ಕೇಳಿದ್ಯಾ?"

ಹೊಸ ಡಿಸ್ಕುಗಳಲ್ಲಿ ಅಳಿಸುವುದಕ್ಕೇನೂ ಇರಲಿಲ್ಲ. ಹೂಂ ಎಂದೆ. ಹಳೆಯದರಲ್ಲಿದ್ದ ಫೋಟೋ, ಮಾತು ಎಲ್ಲವನ್ನೂ ಇದಕ್ಕೆ ತುಂಬಿಸಿದೆ. ಎಂಟು ದಿನಕ್ಕೆ ಹಳೆಯದು ಲೊಚಗುಟ್ಟುವುದನ್ನೂ ನಿಲ್ಲಿಸಿತು.

ಅವ್ವ ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಬೇಲೂರಿನ ನನ್ನ ತಂಗಿಯ ಮನೆಯಲ್ಲಿ. ಜೋಡಿಯಾಗಿರುವ ಯಾವುದನ್ನೂ ಒಬ್ಬ ಮಗಳಿಗೇ ಬಿಡುವುದು ಅವಳಿಗೆ ಗೊತ್ತಿಲ್ಲ. ಹಿತ್ತಾಳೆ ಬಿಂದಿಗೆ ಎರಡಿದ್ದವು, ಒಂದು ಇಲ್ಲಿ, ಒಂದು ಅಲ್ಲಿ. ಜಮಖಾನವೂ ಹಾಗೇ. ಆ ಸಲ ತಂಗಿ ಕರೆದುಕೊಂಡು ಹೋಗಲು ಬಂದಾಗ ಅವ್ವ ಚೀಲ ತುಂಬುತ್ತಾ ಹೇಳಿದಳು:

"ಆ ಡಬ್ಬಿ ಎರಡವೆಯಲ್ಲ, ಒಂದ್ ತೆಗೆದು ಅವಳಿಗೆ ಕೊಡು. ಮಿಕ್ಕ ಪಟಗಳ್ನ ಅಲ್ಲೇ ಕೂತು ಹೇಳ್ತೀನಿ."

ಬೇಡ ಎನ್ನಬೇಕಿತ್ತು. ಆದರೆ ನನಗೂ ಅದು ಸರಿಯೆನಿಸಿತು. ಎರಡರಲ್ಲೂ ಇರುವುದು ಒಂದೇ. ಒಂದು ಅರಸೀಕೆರೆಯಲ್ಲಿ, ಒಂದು ಬೇಲೂರಿನಲ್ಲಿ ಇದ್ದರೆ ಇನ್ನೂ ಕ್ಷೇಮವಲ್ಲವೇ? ಬಿಚ್ಚಿ ಕೊಟ್ಟೆ. ಅವ್ವ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ತಂಗಿಯ ಮನೆಯ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ತೆರೆಯಿತು.

ನನ್ನ ಕಂಪ್ಯೂಟರು ಮಾತ್ರ ಹಚ್ಚಿದಾಗಲೆಲ್ಲ ಜೊತೆಯ ಡಿಸ್ಕು ಕಾಣುತ್ತಿಲ್ಲ ಎಂದು ಗೋಳಾಡುತ್ತಿತ್ತು. "ಬೇಲೂರಿಗೆ ಹೋಗೈತೆ, ಬತ್ತದೆ, ಸುಮ್ನಿರಪ್ಪ" ಎನ್ನುತ್ತಾ ಗುಂಡಿ ಒತ್ತಿ ಮುಂದೆ ಹೋಗುತ್ತಿದ್ದೆ. ನಾನು ಇಲ್ಲಿ ಫೋಟೋಗಳ ಕಲೆ ತೆಗೆದೆ, ಸೊಟ್ಟಗಿದ್ದವನ್ನು ನೆಟ್ಟಗೆ ಮಾಡಿದೆ. ತಂಗಿ ಅಲ್ಲಿ ಅವ್ವನಿಂದ ತೊಂಬತ್ತೆರಡು ಫೋಟೋಗಳ ಮಾತನ್ನು ಫೋನಿನಲ್ಲಿ ಹಿಡಿದು ಡಿಸ್ಕಿಗೆ ತುಂಬಿಸಿಕೊಂಡಳು.

ಅವರೆಕಾಯಿ ಕಾಲಕ್ಕೆ ಅವ್ವ, ತಂಗಿ, ಡಿಸ್ಕು ಮೂವರೂ ಹಳೇಬೀಡು, ಜಾವಗಲ್ ಮೇಲಿನ ಬಸ್ಸಿನಲ್ಲಿ ಬಂದಿಳಿದರು. ಡಿಸ್ಕನ್ನು ಅದರ ಜಾಗಕ್ಕೆ ಕೂರಿಸಿದೆ. ಜೋಡಿಯನ್ನು ಸರಿಪಡಿಸಲೇ ಎಂದು ಕಂಪ್ಯೂಟರು ಕೇಳಿತು. ಸರಿಪಡಿಸುವುದು ಎಂದರೆ ನನ್ನ ತಲೆಯಲ್ಲಿದ್ದದ್ದು ಅವಳದ್ದನ್ನೂ ನನ್ನದ್ದನ್ನೂ ಕೂಡಿಸುವುದು, ನಾವಿಬ್ಬರೂ ಬಿಡಿಸಿದ ಅವರೆಕಾಳನ್ನು ಒಂದೇ ಪಾತ್ರೆಗೆ ಸುರಿದ ಹಾಗೆ. ಸಂತೋಷದಿಂದ ಹೂಂ ಎಂದೆ. ಬೆಳಗ್ಗೆ ಶುರುವಾದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಗೋಳು ನಿಂತಿತ್ತು. ತಂಗಿ ಬಂದು ತನ್ನ ಕೆಲಸ ಹುಡುಕಿದಳು. ಒಂದೂ ಇರಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಯಾವ ಡಿಸ್ಕು ಹೊರಗೆ ಹೋಗಿತ್ತು ಎಂದು ಕೇಳಿದರು. ಆಮೇಲೆ, "ಅದು ಕೂಡಿಸಲ್ಲ ಮೇಡಂ. ಮನೇಲೇ ಇದ್ದ ಡಿಸ್ಕನ್ನ ನಂಬಿ, ಹೊರಗೆ ಹೋಗಿ ಬಂದಿದ್ದರ ಮೇಲೆ ಇದನ್ನೇ ಬರೆದಿರುತ್ತೆ" ಎಂದರು. ಬೇಲೂರಿನ ಮಾತುಗಳ ಮೇಲೆ ನಾನೇ ಒರೆಸುಬಟ್ಟೆ ಆಡಿಸಿದ್ದೆ.

"ನಿಂದೇ ನಿಜ, ನಂದು ಸುಳ್ಳಾ?" ತಂಗಿಯ ದನಿ ಏರಿತು.

"ನಾನಲ್ಲ ಕಣೇ, ಅದು."

"ಅದಕ್ಕೆ ಹೂಂ ಅಂದಿದ್ದು ಯಾರಕ್ಕ? ಫೋನಿಂದ ಕೂಡ ಅಳಿಸಿಬಿಟ್ಟಿದೀನಿ, ಜಾಗ ಇಲ್ಲ ಅಂತ. ಆರು ತಿಂಗಳು ಕಣಕ್ಕ!"

ಅವ್ವ ಈ ಆರು ತಿಂಗಳಲ್ಲಿ ಸ್ವಲ್ಪ ಕುಗ್ಗಿದ್ದಳು. ಬಂದ ದಿನ ಎರಡು ಸಲ ನನ್ನನ್ನು ತಂಗಿಯ ಹೆಸರಿನಿಂದ ಕರೆದಿದ್ದಳು. ಅವಳು ಅವರೆಕಾಯಿ ಸಿಪ್ಪೆಯ ರಾಶಿಯ ಹಿಂದಿನಿಂದಲೇ ಕೇಳಿದಳು:

"ಏನ್ ಹೋಯ್ತಂತೆ?"

"ನೀನು ಬೇಲೂರಲ್ಲಿ ಹೇಳಿದ್ದೆಲ್ಲ ಹೋಯ್ತವ್ವ."

"ಹೇಳ್ದೋಳು ಇಲ್ಲೇ ಕುಂತಿವ್ನಲ್ಲ. ಹಾಕು, ನೋಡಾನ."

ಮೊದಲನೆಯ ಫೋಟೋ ಹಾಕಿದೆ. ಪಟ್ಟೆ ಅಂಗಿ ತೊಟ್ಟ ಯುವಕನೊಬ್ಬ ನಮ್ಮದೇ ಮನೆಯ ಜಗಲಿಯಲ್ಲಿ ಕೂತಿದ್ದ.

"ಇದು ನಂಗೊತ್ತು" ಎಂದಳು ತಂಗಿ. "ಹಗರೆ ಕಡೆ ದೂರದ ನೆಂಟ ಅಂತ ನೀನೇ ಅಂದಿದ್ಯಲ್ಲವ್ವ."

"ನೆಂಟನೂ ಅಲ್ಲ ಪಂಟನೂ ಅಲ್ಲ. ನಿನ್ನ ಮೊದ್ಲು ನೋಡಕ್ ಬಂದಿದ್ದ ಗಂಡು ಅವ್ನು."

"ಮತ್ತೆ ಅಲ್ಲಿ ಹಂಗ್ಯಾಕಂದೆ?"

"ನಿಮ್ಮತ್ತೆ ಪಕ್ಕದಾಗೇ ಕುಂತಿರ್ತಿದ್ರಲ್ಲೇ. ಅವರ ಮುಂದೆ ನಿಜ ಹೇಳಕ್ಕಾಯ್ತದಾ?"

ತಂಗಿ ಸಿಟ್ಟು ಮರೆತು ಪರದೆಗೆ ಮೂಗು ತಾಗಿಸಿದಳು. "ಕೂದ್ಲು ಪರವಾಗಿಲ್ಲ, ಅಲ್ವೇನಕ್ಕ?"

ಅವಳು ಎರಡು ದಿನಕ್ಕೆಂದು ಬಂದವಳು ಹನ್ನೊಂದು ದಿನ ಉಳಿದಳು. ಬೀದಿ ಬಾಗಿಲು ಹಾಕಿ, ಅವ್ವನಿಗೆ ಆಗಾಗ ಬಿಸಿನೀರು ಕೊಟ್ಟು, ದಿನಕ್ಕೆ ಎಂಟೊಂಬತ್ತು ಫೋಟೋ. ಬೇಲೂರಿನಲ್ಲಿ ಗೌರವಸ್ಥರಾಗಿದ್ದ ಎಷ್ಟೋ ಜನ ಇಲ್ಲಿ ಜಗಳಗಂಟರಾದರು, ಇಬ್ಬರು ಚಿಕ್ಕಮ್ಮಂದಿರು ಓಡಿಹೋಗಿ ಮದುವೆಯಾದರು. ಪ್ರತಿ ಸಂಜೆ ಅಷ್ಟನ್ನೂ ತಂಗಿಯ ಪೆನ್‌ಡ್ರೈವಿಗೆ ಬೇರೆಯಾಗಿ ಹಾಕಿದೆ. ಡಿಸ್ಕುಗಳನ್ನು ಮತ್ತೆ ಬಿಚ್ಚಲಿಲ್ಲ.

ತೊಂಬತ್ತೊಂದು ಆದವು. ಒಂದು ಆಗಲಿಲ್ಲ. ಮಾಲೇಕಲ್ಲು ಬೆಟ್ಟದ ಮೆಟ್ಟಿಲ ಮೇಲೆ ಛತ್ರಿ ಹಿಡಿದು ನಿಂತ ಒಬ್ಬ ಹೆಂಗಸು. ಅವ್ವ ಮೂರು ದಿನ ನೋಡಿದಳು, ಕನ್ನಡಕ ಒರೆಸಿಕೊಂಡು ನೋಡಿದಳು. "ಗೊತ್ತು ಕಣೇ, ಬಾಯಿಗ್ ಬತ್ತಿಲ್ಲ" ಎಂದಳು. ಬೇಲೂರಿನಲ್ಲಿ ಹೇಳಿದ್ದಳಂತೆ. ಏನು ಹೇಳಿದ್ದಳೆಂದು ತಂಗಿಗೂ ನೆನಪಾಗಲಿಲ್ಲ. ಹೇಳುವಾಗ ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು, ಅಷ್ಟು ನೆನಪಿದೆ ಎಂದಳು.

ಆ ಫೋಟೋದ ಹೆಸರಿನ ಜಾಗ ಖಾಲಿ ಬಿಡಲು ಮನಸ್ಸಾಗಲಿಲ್ಲ. "ಅವ್ವನನ್ನು ನಗಿಸಿದವರು" ಎಂದು ಟೈಪ್ ಮಾಡಿದೆ.