ಬಾರದವಳ ಮನೆಗೆ ಹೋಗುವ ದೊಡ್ಡಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಆಫೀಸು ಕಟ್ಟಡದ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಲ್ಲಿ, ಬಕೆಟ್ಟು ಫಿನಾಯಿಲ್ ಡಬ್ಬಗಳ ನಡುವೆ, ಕಸ ಗುಡಿಸುವ ಹೆಂಗಸರು ಒತ್ತೊತ್ತಾಗಿ ನಿಂತು ಟೀ ಕುಡಿಯುತ್ತಿದ್ದಾರೆ. ಅವರಲ್ಲಿ ಹಿರಿಯರಾದ, ಎಲ್ಲರ ಬಾಯಲ್ಲೂ ದೊಡ್ಡಕ್ಕ ಆಗಿರುವ ಹೆಂಗಸು ಒಂದೊಂದೇ ಮುಖ ನೋಡುತ್ತಾರೆ.

"ಲಿಫ್ಟಿನೋಳು ಎಲ್ಲಿ?"

ಲಿಫ್ಟು, ಮೊಗಸಾಲೆ ಒರೆಸುವವಳು ಬಂದಿಲ್ಲ. ಫೋನ್ ಸ್ವಿಚ್ ಆಫ್. ದೊಡ್ಡಕ್ಕ ಟೀ ಲೋಟವನ್ನು ಹಾಗೇ ಕೆಳಗಿಡುತ್ತಾರೆ.

ಇದೇ ಕಟ್ಟಡದ ಮೇಲಿನ ಸಭಾಂಗಣದಲ್ಲಿ ಆಗಾಗ ಉದ್ಯೋಗಸ್ಥ ಮಹಿಳೆಯರ ನೆಟ್‌ವರ್ಕಿಂಗ್ ಸಭೆ ನಡೆಯುತ್ತದೆ. ಕುರ್ಚಿ ಹಾಕುವವರು, ಮುಗಿದ ಮೇಲೆ ಕಪ್ಪು ಎತ್ತುವವರು ಈ ಹೆಂಗಸರೇ. ಇವರೂ ಉದ್ಯೋಗಸ್ಥ ಮಹಿಳೆಯರು ಎಂಬುದು ಇದುವರೆಗೆ ಯಾರ ತಲೆಗೂ ಹೊಳೆದಂತಿಲ್ಲ. "ನಮ್ದೂ ಒಂದು ಸಂಘ ಅಂತ್ಲೇ ಅಂದ್ಕೊಳ್ಳಿ" ಎಂದು ದೊಡ್ಡಕ್ಕ, ಇವರ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳಿ ನಗುತ್ತಾರೆ. "ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಫಿನಾಯಿಲ್ ವಾಸ್ನೆ ಮಾತ್ರ ಇದೆ."

ಗಂಡ ತೀರಿಕೊಂಡ ಮೇಲೆ ಪೊರಕೆ ಹಿಡಿದವರು ಅವರು. ಮಗಳನ್ನು ದಡ ಮುಟ್ಟಿಸಿದ್ದು ಈ ನೆಲವೇ. ಇಲ್ಲಿ ಹೇಳದೆ ಕೇಳದೆ ರಜೆ ಹಾಕಿದರೆ ಕೆಲಸಕ್ಕೇ ಕುತ್ತು. ಅದಕ್ಕೇ ಈ ಹೆಂಗಸರು ತಮ್ಮಲ್ಲೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ: ಯಾರು ಬರದಿದ್ದರೂ ಅವಳ ಮಹಡಿಯನ್ನು ಉಳಿದವರು ಹಂಚಿಕೊಂಡು ಒರೆಸಬೇಕು. ಸೂಪರ್‌ವೈಸರ್ ನೆಲ ನೋಡುತ್ತಾರೆ, ಒರೆಸಿದವರ ಮುಖ ನೋಡುವುದಿಲ್ಲ.

ಹಿಂದೊಮ್ಮೆ ನಾಲ್ಕನೇ ಮಹಡಿಯ ಹೆಂಗಸು ಬರಲಿಲ್ಲ. ಬಲು ತೆಳ್ಳಗಿದ್ದಳಂತೆ, ಕಡ್ಡಿ ಎಂದೇ ಕರೆಯುತ್ತಿದ್ದರು. "ಊರಿಗೆ ಹೋಗಿರ್ಬೇಕು ಅಂದ್ಕೊಂಡ್ವಿ. ಆ ವಾರ ಅವಳ ಮಹಡಿ ಕನ್ನಡಿ ಹಾಗೆ ಹೊಳೀತಿತ್ತು. ಸೂಪರ್‌ವೈಸರ್‌ಗೆ ಸುಳಿವೂ ಸಿಗ್ಲಿಲ್ಲ. ನಾವು ಬೀಗಿದ್ದೇ ಬೀಗಿದ್ದು."

ಕಡ್ಡಿ ಊರಿಗೆ ಹೋಗಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಜ್ವರದಲ್ಲಿ ಬಿದ್ದಿದ್ದಳು. ಪಕ್ಕದವರು ಬಾಗಿಲು ಮುರಿಯುವ ಹೊತ್ತಿಗೆ ಉಸಿರು ನಿಂತಿತ್ತು. ಇದನ್ನು ಹೇಳುವಾಗ ದೊಡ್ಡಕ್ಕ ನನ್ನ ಕಡೆ ನೋಡುವುದಿಲ್ಲ.

"ಅವಳಿಲ್ಲ ಅಂತ ಯಾರಿಗೂ ಗೊತ್ತಾಗ್ದಿರೋ ಹಾಗೆ ನೋಡ್ಕೊಂಡ್ವಿ. ಗೊತ್ತಾಗಿದ್ರೆ ಸೂಪರ್‌ವೈಸರ್ರು ರೇಗಾಡೋಕಾದ್ರೂ ಅವಳ ಮನೆಗೆ ಜನ ಕಳಿಸೋರು. ನಾವೇ ಮುಚ್ಚಿಟ್ವಿ."

ಒಳ್ಳೆಯದು ಮಾಡಲು ಹೋಗಿ ಇಷ್ಟು ದೊಡ್ಡ ಏಟು ತಿಂದವರಿಗೆ ಏನೆಂದು ಸಮಾಧಾನ ಹೇಳುವುದು? ಅಂದಿನಿಂದ ಬಾರದವಳ ಮಹಡಿ ಉಳಿದವರ ಪಾಲು, ಅವಳ ಮನೆಗೆ ಹೋಗುವುದು ದೊಡ್ಡಕ್ಕನ ಪಾಲು.

ಇವತ್ತು ನಾನೂ ಜೊತೆಗೆ ಹೊರಡುತ್ತೇನೆ. ದಾರಿಯಲ್ಲಿ ಒಂದು ಹಾಲಿನ ಪ್ಯಾಕೆಟ್ಟು, ಜ್ವರದ ಮಾತ್ರೆ. ಮಂಡಿನೋವಿನ ದೊಡ್ಡಕ್ಕ ಕಂಬಿ ಹಿಡಿದು ಕಿರಿದಾದ ಮೆಟ್ಟಿಲು ಹತ್ತುತ್ತಾರೆ. ಬಾಗಿಲ ಮುಂದೆ ಎತ್ತಿದ ಕೈ ಒಂದು ಗಳಿಗೆ ಹಾಗೇ ನಿಲ್ಲುತ್ತದೆ. ಬಡಿಯುತ್ತಾರೆ. ಸದ್ದಿಲ್ಲ. ಮತ್ತೆ ಬಡಿಯುತ್ತಾರೆ, ಈ ಸಲ ಅಂಗೈಯಿಂದ, ಜೋರಾಗಿ.

ಒಳಗೆ ಚಿಲಕ ಸರಿಯುತ್ತದೆ. ಕೆದರಿದ ಕೂದಲು, ಊದಿದ ಕಣ್ಣು, ಲಿಫ್ಟಿನವಳೇ. "ಮೈ ಬೆಚ್ಚಗಿದೆ ಅಂತ ಮಲ್ಕೊಂಡಿದ್ದೆ ದೊಡ್ಡಕ್ಕ. ಒಂದಿನ ನಿದ್ದೆ ಮಾಡೋಕೂ ಬಿಡಲ್ವಾ? ನಿಂಗೆ ಬೇರೆ ಕೆಲಸ ಇಲ್ವಾ?"

ದೊಡ್ಡಕ್ಕ ಒಳಗೆ ಹೋಗುತ್ತಾರೆ. ಹಣೆ ಮುಟ್ಟಿ ನೋಡಿ, ಹಾಲು ಕಾಯಿಸಿಕೊಟ್ಟು, ಮಾತ್ರೆ ನುಂಗಿಸಿ ಹೊರಬರುತ್ತಾರೆ. ಮೆಟ್ಟಿಲಿಳಿಯುವಾಗ ಅರ್ಧದಲ್ಲೇ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಇಷ್ಟು ದೂರ ಬಂದು ಬೈಸಿಕೊಂಡರೆ ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ.

"ಬೈಲಿ ಬಿಡಿ. ಅವತ್ತು ನಾನು ಹೋಗಿದ್ರೆ ಕಡ್ಡೀನೂ ಹೀಗೇ ಬೈದಿರೋಳು."